ಜಮಖಾನದ ಬೆಲೆ

ಮನೆಗೆ ಬಂದ ಅತಿಥಿಗೆ ಮೊದಲು ಕುಳಿತುಕೊಳ್ಳಲು ಹಾಸಿಕೊಟ್ಟು, ಅನಂತರ ಕುಡಿಯಲು ನೀರು ಕೊಡುವುದು ಕನ್ನಡ ನಾಡಿನ ಹಳೆಯ ಪದ್ಧತಿ. ಮದುವೆಯ ಚಪ್ಪರದಲ್ಲಿ, ಭಜನೆಯ ಮೇಳದಲ್ಲಿ, ಊರ ಹಿರಿಯರು ನ್ಯಾಯ ಹೇಳಲು ಸೇರುವ ಕಟ್ಟೆಯ ಮೇಲೆ ಎಲ್ಲಕ್ಕಿಂತ ಮೊದಲು ಬಿಚ್ಚಿಕೊಳ್ಳುತ್ತಿದ್ದುದು ಜಮಖಾನ. ಹತ್ತಾರು ಜನರನ್ನು ಒಟ್ಟಿಗೆ ಕುಳ್ಳಿರಿಸಿ, ಕೆಲಸ ಮುಗಿದೊಡನೆ ಮಡಿಕೆಯಾಗಿ ಮೂಲೆ ಸೇರುವ ಈ ಹಾಸು ಬಹಳ ಉಪಕಾರಿಯಾದ ವಸ್ತು. ಆದರೆ ಅದರ ಮೇಲೆ ಕುಳಿತವರಲ್ಲಿ ಅದನ್ನು ನೇಯ್ದ ಕೈಗಳನ್ನು ನೆನೆದವರು ವಿರಳ.

ಕರ್ನಾಟಕದಲ್ಲಿ ಜಮಖಾನವೆಂದೊಡನೆ ನೆನಪಾಗುವ ಊರು ಧಾರವಾಡ ಜಿಲ್ಲೆಯ ನವಲಗುಂದ. ಸುತ್ತಲೂ ಹತ್ತಿ ಬೆಳೆಯುವ ಎರೆಭೂಮಿ. ನಡುವೆ ಈ ಸಣ್ಣ ಪಟ್ಟಣ. ಬಿಜಾಪುರದ ಆದಿಲಶಾಹಿ ಅರಸರ ಕಾಲದಲ್ಲಿ ಅಲ್ಲಿಂದ ಹೊರಟ ನೇಕಾರರು ಇಲ್ಲಿಗೆ ಬಂದು ನೆಲೆಸಿದರೆಂದು ಪ್ರತೀತಿಯಿದೆ. ಇಲ್ಲಿ ಜಮಖಾನ ನೇಯುವವರು ಮುಸ್ಲಿಂ ಮನೆತನಗಳ ಹೆಣ್ಣುಮಕ್ಕಳು. ಅಡಿಗೆ, ಮಕ್ಕಳ ಪಾಲನೆ ಮೊದಲಾದ ಕೆಲಸಗಳ ನಡುವೆ ಬಿಡುವು ಮಾಡಿಕೊಂಡು, ಮನೆಯೊಳಗಿನ ಮಗ್ಗದ ಮುಂದೆ ಕುಳಿತು ಅವರು ಈ ವಿದ್ಯೆಯನ್ನು ತಲೆಮಾರುಗಳಿಂದ ಉಳಿಸಿಕೊಂಡು ಬಂದಿದ್ದಾರೆ.

ಸೀರೆಯ ಮಗ್ಗದಲ್ಲಿ ಹಾಸಿನ ಎಳೆಗಳು ನೆಲಕ್ಕೆ ಸಮನಾಗಿ ಚಾಚಿಕೊಂಡಿದ್ದರೆ, ಜಮಖಾನದ ಮಗ್ಗದಲ್ಲಿ ಅವು ಗೋಡೆಯಂತೆ ನೆಟ್ಟಗೆ ನಿಂತಿರುತ್ತವೆ. ಅವುಗಳ ನಡುವೆ ಬಣ್ಣದ ಹತ್ತಿಯ ನೂಲನ್ನು ಕೈಯಿಂದಲೇ ತೂರಿಸಬೇಕು. ಒಂದೇ ಸಾಲಿನಲ್ಲಿ ಕೆಂಪು ಎಲ್ಲಿಗೆ ಮುಗಿಯುವುದೋ ಅಲ್ಲಿಂದ ಹಳದಿ ತೊಡಗಬೇಕು. ಹಳದಿ ನಿಂತೆಡೆ ಕಪ್ಪು ಬರಬೇಕು. ಪ್ರತಿಯೊಂದು ಬಣ್ಣಕ್ಕೂ ಬೇರೆ ಬೇರೆ ನೂಲು. ಪ್ರತಿಯೊಂದು ತಿರುವಿಗೂ ಬೇರೆ ಎಣಿಕೆ. ಬಳಿಕ ‘ಪಂಜಾ’ ಎಂಬ ಹಲ್ಲುಗಳುಳ್ಳ ಲೋಹದ ಸಾಧನದಿಂದ ಆ ಸಾಲನ್ನು ಬಡಿದು ಕೂರಿಸಬೇಕು. ಹೀಗೆ ಬಡಿದಾಗ ಹೊಕ್ಕಿನ ನೂಲು ಹಾಸಿನ ಎಳೆಗಳನ್ನು ಪೂರ್ಣವಾಗಿ ಮುಚ್ಚಿಬಿಡುತ್ತದೆ. ಜಮಖಾನದ ದಪ್ಪಕ್ಕೂ ಬಾಳಿಕೆಗೂ ಇದೇ ಕಾರಣ. ನವಿಲು, ಪಗಡೆಯ ಹಾಸು, ಚೌಕಗಳ ಸಾಲು ಮೊದಲಾದ ಚಿತ್ತಾರಗಳು ಹೀಗೆ ಎಳೆ ಎಳೆಯಾಗಿ ಮೂಡುತ್ತವೆ. ಅಗಲವಾದ ಜಮಖಾನವಾದರೆ ಇಬ್ಬರು ಅಕ್ಕಪಕ್ಕದಲ್ಲಿ ಕುಳಿತು, ಒಬ್ಬರ ಎಣಿಕೆಗೆ ಇನ್ನೊಬ್ಬರು ಹೊಂದಿಕೊಂಡು ನೇಯಬೇಕಾಗುತ್ತದೆ. ಒಬ್ಬರು ಎಣಿಕೆ ತಪ್ಪಿದರೆ ಇಬ್ಬರ ದುಡಿಮೆಯನ್ನೂ ಬಿಚ್ಚಬೇಕು.

ದಿನಗಟ್ಟಲೆ ನಡೆಯುವ ಈ ಕೆಲಸಕ್ಕೆ ಸಂತೆಯಲ್ಲಿ ದೊರೆಯುವ ಬೆಲೆಯೆಷ್ಟು? ಕೊಳ್ಳುವವನು ಜಮಖಾನದ ಉದ್ದಗಲಗಳನ್ನು ಅಳೆಯುತ್ತಾನೆ. ಅದರೊಳಗೆ ಸೇರಿದ ದಿನಗಳನ್ನು ಅಳೆಯುವುದಿಲ್ಲ. ವಿದ್ಯುತ್ ಮಗ್ಗದ ಹಾಸಿನ ಬೆಲೆಯನ್ನು ಮುಂದಿಟ್ಟುಕೊಂಡು ಚೌಕಾಸಿ ಮಾಡುತ್ತಾನೆ. ನೂಲಿಗೂ ಬಣ್ಣಕ್ಕೂ ಅಂಗಡಿಯವನು ಹೇಳಿದಷ್ಟು ಹಣ ಕೊಡಲೇಬೇಕು. ಆದ್ದರಿಂದ ಚೌಕಾಸಿಯಲ್ಲಿ ಇಳಿದ ಪ್ರತಿಯೊಂದು ರೂಪಾಯಿಯೂ ನೇಯ್ದವಳ ಕೂಲಿಯಿಂದಲೇ ಕಳೆದುಹೋಗುತ್ತದೆ. ಇದು ಒಂದೂರಿನ ಕಥೆಯಲ್ಲ. 2019-20ರ ಅಖಿಲ ಭಾರತ ಕೈಮಗ್ಗ ಗಣತಿಯಂತೆ ದೇಶದಲ್ಲಿ ಸುಮಾರು 35 ಲಕ್ಷ ಮಂದಿ ಈ ಉದ್ಯೋಗದಲ್ಲಿದ್ದರು. ಅವರಲ್ಲಿ ಶೇಕಡ 70ಕ್ಕಿಂತ ಹೆಚ್ಚಿನವರು ಮಹಿಳೆಯರು. ಮೂರರಲ್ಲಿ ಸುಮಾರು ಎರಡು ಪಾಲು ನೇಕಾರ ಕುಟುಂಬಗಳ ತಿಂಗಳ ವರಮಾನ 5,000 ರೂಪಾಯಿಗಳನ್ನು ಮುಟ್ಟಿರಲಿಲ್ಲ.

ಸರಕಾರ ಕೈಕಟ್ಟಿ ಕುಳಿತಿಲ್ಲ. 1985ರಲ್ಲಿ ಸಂಸತ್ತು ಕೆಲವು ವಸ್ತುಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಕಾಯಿದೆಯನ್ನು ಮಾಡಿತು. ಅದರ ಪಟ್ಟಿಯಲ್ಲಿ ಜಮಖಾನಕ್ಕೂ ಕಂಬಳಿಗೂ ಸ್ಥಾನ ದೊರೆಯಿತು. 2011ರಲ್ಲಿ ನವಲಗುಂದದ ಜಮಖಾನ ಭೌಗೋಳಿಕ ಗುರುತಿನ ಮಾನ್ಯತೆಯನ್ನು ಪಡೆಯಿತು. 1905ರ ಸ್ವದೇಶಿ ಚಳವಳಿಯ ನೆನಪಿಗಾಗಿ 2015ರಿಂದ ಆಗಸ್ಟ್ 7ನ್ನು ರಾಷ್ಟ್ರೀಯ ಕೈಮಗ್ಗ ದಿನವೆಂದು ಆಚರಿಸಲಾಗುತ್ತಿದೆ. ಇವೆಲ್ಲ ಸ್ವಾಗತಾರ್ಹವೇ. ಆದರೆ ಕಾಯಿದೆ ಹೆಸರನ್ನು ಕಾಯಬಲ್ಲುದೇ ಹೊರತು ಮಗ್ಗದ ಮುಂದೆ ಒಬ್ಬರನ್ನು ಕೂರಿಸಲಾರದು. ಮಾನ್ಯತೆ ದೊರೆತ ಮೇಲೂ ನವಲಗುಂದದಲ್ಲಿ ನೇಯುವ ಮನೆಗಳು ಕೆಲವೇ ಉಳಿದಿವೆ.

ಯಂತ್ರದ ಹಾಸು ಅಗ್ಗವಾದುದರಿಂದ ಬಡವರಿಗೆ ಅನುಕೂಲವೆಂದು ಕೆಲವರು ವಾದಿಸುತ್ತಾರೆ. ಈ ಮಾತಿನಲ್ಲಿ ಸತ್ಯವಿದೆ. ಅಗ್ಗದ ಹಾಸನ್ನು ಕೊಂಡ ಬಡವನನ್ನು ಯಾರೂ ದೂರುವಂತಿಲ್ಲ. ಯಂತ್ರದ ಹಾಸನ್ನು ಕೈಮಗ್ಗದ್ದೆಂದು ನಂಬಿಸಿ ಮಾರುವವನೂ, ಕೊಡುವ ಶಕ್ತಿಯಿದ್ದೂ ನೇಕಾರಳ ಕೂಲಿಯಲ್ಲಿ ಚೌಕಾಸಿ ಮಾಡುವವನೂ ದೂರಿಗೆ ಅರ್ಹರು.

ಇನ್ನು ಕೆಲವರು ನೇಕಾರರ ಮಕ್ಕಳು ಕುಲವಿದ್ಯೆಯನ್ನು ಬಿಟ್ಟು ಬೇರೆ ಉದ್ಯೋಗಕ್ಕೆ ಹೋಗುತ್ತಿರುವರೆಂದು ಮರುಗುತ್ತಾರೆ. ಈ ಮರುಕವನ್ನು ಸ್ವಲ್ಪ ಪರೀಕ್ಷಿಸಿ ನೋಡಬೇಕು. ವೈದ್ಯನ ಮಗಳು ಶಿಕ್ಷಕಿಯಾದರೆ ಯಾರೂ ಮರುಗುವುದಿಲ್ಲ. ನೇಕಾರಳ ಮಗಳು ಶಾಲೆ ಕಲಿತು ಕಚೇರಿಗೆ ಹೋದರೆ ಮಾತ್ರ ಅದು ಸಂಸ್ಕೃತಿಯ ನಷ್ಟವಾಗಬೇಕೇಕೆ? ನಾಡಿನ ಚೆಲುವನ್ನು ಉಳಿಸುವ ಹೊಣೆಯನ್ನು ಬಡವರ ಮಕ್ಕಳ ಹೆಗಲಿಗೆ ಹೊರಿಸಿ, ಉಳಿದವರು ದೂರದಲ್ಲಿ ನಿಂತು ಹೊಗಳುವುದು ನ್ಯಾಯವಲ್ಲ. ತಾಯಿಯ ಕಣ್ಣು ಮಂಜಾಗುವವರೆಗೆ ದುಡಿದರೂ ಮನೆಯಲ್ಲಿ ನೆಮ್ಮದಿಯಿಲ್ಲದುದನ್ನು ಕಂಡ ಮಗಳು ಮಗ್ಗವನ್ನು ಬಿಟ್ಟರೆ, ತಪ್ಪು ಅವಳದಲ್ಲ.

ಹಾಗಾದರೆ ಈ ಕಲೆ ಉಳಿಯುವ ದಾರಿ ಯಾವುದು? ಜಮಖಾನದ ಬೆಲೆಯನ್ನು ಮೊಳದ ಲೆಕ್ಕದಲ್ಲಿ ಕಟ್ಟದೆ, ದಿನದ ಲೆಕ್ಕದಲ್ಲಿ ಕಟ್ಟುವುದೇ ಮೊದಲ ಹೆಜ್ಜೆ. ಬೇರೆ ಕುಶಲ ಕೆಲಸಗಾರನಿಗೆ ದೊರೆಯುವ ದಿನಗೂಲಿ ನೇಯುವವಳಿಗೂ ದೊರೆಯಬೇಕು. ಸರಕಾರಿ ಕಚೇರಿಗಳೂ ಶಾಲೆಗಳೂ ತಮ್ಮ ಸಭೆಗಳಿಗೆ ಬೇಕಾದ ಹಾಸುಗಳನ್ನು ನೇರವಾಗಿ ನೇಕಾರರಿಂದಲೇ ಕೊಂಡರೆ ವರ್ಷವಿಡೀ ಕೆಲಸ ದೊರೆತೀತು. ಕಲಿಯುವ ಆಸೆಯುಳ್ಳ ಯಾವ ಮನೆತನದ ಹುಡುಗಿಗಾಗಲಿ, ಹುಡುಗನಿಗಾಗಲಿ ಕಲಿಯುವ ಅವಧಿಯಲ್ಲಿ ವೇತನ ಸಿಗುವಂತಾಗಬೇಕು. ಆಗ ಶಾಲೆ ಕಲಿತ ಮಗಳು ಕಚೇರಿಯ ಕೆಲಸವನ್ನೂ ತಾಯಿಯ ಮಗ್ಗವನ್ನೂ ಅಕ್ಕಪಕ್ಕದಲ್ಲಿಟ್ಟು ತೂಗಿ ನೋಡಬಲ್ಲಳು. ಅವಳು ಬಡತನಕ್ಕೆ ಅಂಜದೆ ಮಗ್ಗವನ್ನೇ ಆರಿಸಿಕೊಳ್ಳಬಹುದಾದ ದಿನ ಬಂದರೆ, ನವಲಗುಂದದ ನವಿಲು ಇನ್ನೂ ಹಲವು ತಲೆಮಾರು ಗರಿಗೆದರಿ ನಿಂತೀತು.