ಮನೆಯ ಲ್ಯಾಪ್‌ಟಾಪ್‌ಗೆ ಸ್ವತಂತ್ರ ತಂತ್ರಾಂಶ: ವರ್ತಕ ಕುಟುಂಬಗಳು ಯೋಚಿಸಬೇಕಾದ ಆಯ್ಕೆ

ಶಾಲಾ-ಕಾಲೇಜುಗಳು ಪುನರಾರಂಭಗೊಳ್ಳುವ ಜೂನ್ ತಿಂಗಳು ಹಾಗೂ ದಸರಾ-ದೀಪಾವಳಿಯ ಹಂಗಾಮು ಮನೆಗೊಂದು ಹೊಸ ಲ್ಯಾಪ್‌ಟಾಪ್ ಕೊಳ್ಳುವ ಕಾಲವಾಗಿದೆ. ವರ್ತಕರ ಮನೆಗೆ ಬಂದ ಲ್ಯಾಪ್‌ಟಾಪ್ ಮಕ್ಕಳ ಪಾಠಕ್ಕಷ್ಟೇ ಸೀಮಿತವಾಗಿ ಉಳಿಯುವುದು ಅಪರೂಪ. ಹಗಲಿನಲ್ಲಿ ಮಗಳ ಕಾಲೇಜು ವರದಿ ಸಿದ್ಧವಾಗುವ ಯಂತ್ರದಲ್ಲಿಯೇ ರಾತ್ರಿ ಅಂಗಡಿಯ ಬಾಕಿ ಪಟ್ಟಿ ತೆರೆಯುತ್ತದೆ. ತಿಂಗಳ ನಡುವೆ ಜಿಎಸ್‌ಟಿ ರಿಟರ್ನ್ ಸಲ್ಲಿಕೆಯಾಗುತ್ತದೆ. ಬ್ಯಾಂಕಿನ ಲೆಕ್ಕಪತ್ರ, ಸರಬರಾಜುದಾರರ ದರಪಟ್ಟಿ, ಬಾಡಿಗೆ ಕರಾರು ಎಲ್ಲವೂ ಅಲ್ಲಿಯೇ ಶೇಖರಗೊಳ್ಳುತ್ತವೆ.

ಇಷ್ಟಾದರೂ ಯಂತ್ರವನ್ನು ಕೊಳ್ಳುವಾಗ ಪ್ರೊಸೆಸರ್, ಮೆಮೊರಿ, ವಾರಂಟಿಗಳ ಬಗ್ಗೆ ಗಂಟೆಗಟ್ಟಲೆ ಚೌಕಾಸಿ ನಡೆಸುವ ವ್ಯವಹಾರಸ್ಥರು, ತಂತ್ರಾಂಶದ ವಿಷಯ ಬಂದಾಗ ಮಾರಾಟಗಾರರು ಹೇಳಿದ್ದಕ್ಕೆ ತಲೆಯಾಡಿಸಿ ಬರುತ್ತಾರೆ. ಸರಕಿನ ಗುಣ, ತೂಕ, ಮೂಲಗಳನ್ನು ಪರೀಕ್ಷಿಸದೆ ಒಂದು ಮೂಟೆಯನ್ನೂ ಗೋದಾಮಿಗೆ ಇಳಿಸಿಕೊಳ್ಳದ ವರ್ತಕರು ಈ ಒಂದು ಸರಕಿನಲ್ಲಿ ಮಾತ್ರ ಪರೀಕ್ಷೆಯನ್ನು ಕೈಬಿಟ್ಟಿರುವುದು ವಿಪರ್ಯಾಸ. ಮನೆಯ ಹೊಸ ಲ್ಯಾಪ್‌ಟಾಪ್‌ಗೆ ಸ್ವತಂತ್ರ ತಂತ್ರಾಂಶವನ್ನೇ ಮೊದಲ ಆಯ್ಕೆಯಾಗಿ ಪರಿಗಣಿಸುವುದು ಹಣಕಾಸಿನ ದೃಷ್ಟಿಯಿಂದಲೂ ಕಾನೂನಿನ ದೃಷ್ಟಿಯಿಂದಲೂ ವಿವೇಕದ ಕ್ರಮವೆನಿಸುತ್ತದೆ.

"ಎಲ್ಲವನ್ನೂ ಹಾಕಿಕೊಡುತ್ತೇವೆ"

ಮಾರುಕಟ್ಟೆಯಲ್ಲಿ ವಿಂಡೋಸ್ ಸಹಿತವಾಗಿ ಬರುವ ಲ್ಯಾಪ್‌ಟಾಪ್‌ಗಳಿರುವಂತೆಯೇ, ಫ್ರೀಡಾಸ್ ಅಥವಾ ಉಬುಂಟು ಅಳವಡಿಸಿದ ಮಾದರಿಗಳೂ ದೊರೆಯುತ್ತವೆ. ಎರಡನೆಯ ಬಗೆಯದರಲ್ಲಿ ವಿಂಡೋಸ್ ಪರವಾನಗಿಯ ಮೌಲ್ಯ ಸೇರಿರುವುದಿಲ್ಲ. ಬೆಲೆ ಕಡಿಮೆಯೆಂದು ಅದನ್ನು ಕೊಂಡು, ಬಳಿಕ ಪರವಾನಗಿಯಿಲ್ಲದ ವಿಂಡೋಸ್ ಮತ್ತು ಆಫೀಸ್ ಪ್ರತಿಗಳನ್ನು ಯಾರಿಂದಲಾದರೂ ಹಾಕಿಸಿಕೊಳ್ಳುವ ರೂಢಿ ಹೊಸತಲ್ಲ. ಇದನ್ನು ಉಳಿತಾಯವೆಂದು ತಿಳಿಯುವವರು ಕೃತಿಸ್ವಾಮ್ಯ ಕಾಯಿದೆ, 1957ರ 63ಬಿ ಪ್ರಕರಣವನ್ನು ಒಮ್ಮೆ ಓದುವುದು ಒಳಿತು.

ಅನಧಿಕೃತ ಪ್ರತಿಯೆಂದು ತಿಳಿದೂ ತಂತ್ರಾಂಶವನ್ನು ಗಣಕದಲ್ಲಿ ಬಳಸಿದವರಿಗೆ 7 ದಿನಗಳಿಗೆ ಕಡಿಮೆಯಿಲ್ಲದ, 3 ವರ್ಷಗಳವರೆಗೆ ವಿಸ್ತರಿಸಬಹುದಾದ ಕಾರಾಗೃಹವಾಸವನ್ನೂ 50,000 ರೂಪಾಯಿಗಳಿಂದ 2 ಲಕ್ಷ ರೂಪಾಯಿಗಳವರೆಗಿನ ದಂಡವನ್ನೂ ಈ ಪ್ರಕರಣ ವಿಧಿಸುತ್ತದೆ. ಲಾಭಕ್ಕಾಗಿ ಅಥವಾ ವ್ಯಾಪಾರ-ವ್ಯವಹಾರದ ಭಾಗವಾಗಿ ಬಳಸದೇ ಇದ್ದ ಪಕ್ಷದಲ್ಲಿ, ಸಾಕಷ್ಟು ಹಾಗೂ ವಿಶೇಷ ಕಾರಣಗಳಿದ್ದರೆ, ನ್ಯಾಯಾಲಯವು ಸೆರೆವಾಸವನ್ನು ಕೈಬಿಟ್ಟು 50,000 ರೂಪಾಯಿಗಳವರೆಗಿನ ದಂಡಕ್ಕೆ ಶಿಕ್ಷೆಯನ್ನು ಸೀಮಿತಗೊಳಿಸಬಹುದು. ವರ್ತಕರು ವಿಶೇಷವಾಗಿ ಗಮನಿಸಬೇಕಾದ ಅಂಶ ಇದೇ. ಅಂಗಡಿಯ ಲೆಕ್ಕ ತೆರೆದ ಕ್ಷಣದಿಂದ ಮನೆಯ ಲ್ಯಾಪ್‌ಟಾಪ್‌ಗೆ ಈ ರಿಯಾಯಿತಿಯನ್ನು ಕೇಳುವುದು ಕಷ್ಟವಾಗುತ್ತದೆ. ಅಲ್ಲದೆ ಪರವಾನಗಿಯ ತಪಾಸಣೆಯನ್ನು ತಪ್ಪಿಸಲು ಬಳಸುವ ಸಾಧನಗಳೊಂದಿಗೆ ದುರುದ್ದೇಶದ ತಂತ್ರಾಂಶಗಳೂ ಯಂತ್ರದೊಳಗೆ ಸೇರುವ ಭಯವಿದೆ. ಬ್ಯಾಂಕ್ ವ್ಯವಹಾರ ನಡೆಸುವ ಯಂತ್ರಕ್ಕೆ ಇದಕ್ಕಿಂತ ದೊಡ್ಡ ಅಪಾಯ ಬೇರೊಂದಿಲ್ಲ.

ಸ್ವತಂತ್ರ ಬೇರೆ, ಉಚಿತ ಬೇರೆ

ಇಂಗ್ಲಿಷಿನ 'ಫ್ರೀ' ಎಂಬ ಪದಕ್ಕೆ ಬಿಟ್ಟಿ ಎಂಬ ಅರ್ಥವೂ ಸ್ವಾತಂತ್ರ್ಯ ಎಂಬ ಅರ್ಥವೂ ಇರುವುದರಿಂದ ಅಲ್ಲಿ ಗೊಂದಲವಿದೆ. ಕನ್ನಡದಲ್ಲಿ ಎರಡಕ್ಕೂ ಬೇರೆ ಬೇರೆ ಪದಗಳಿರುವುದು ಅನುಕೂಲವೇ ಆಗಿದೆ. ಹಣ ಕೇಳದ ತಂತ್ರಾಂಶವೆಲ್ಲವೂ ಸ್ವತಂತ್ರವಲ್ಲ. ಯಾವುದೇ ಉದ್ದೇಶಕ್ಕೆ ಬಳಸುವ, ಅದರ ಮೂಲ ಸಂಕೇತವನ್ನು ಪರಿಶೀಲಿಸಿ ಮಾರ್ಪಡಿಸುವ, ಪ್ರತಿಗಳನ್ನು ಹಂಚುವ ಹಾಗೂ ಮಾರ್ಪಡಿಸಿದ ಪ್ರತಿಗಳನ್ನೂ ಹಂಚುವ ನಾಲ್ಕು ಹಕ್ಕುಗಳನ್ನು ಬಳಕೆದಾರರಿಗೆ ಪರವಾನಗಿಯ ಮೂಲಕವೇ ನೀಡುವ ತಂತ್ರಾಂಶವು ಸ್ವತಂತ್ರ ತಂತ್ರಾಂಶವೆನಿಸುತ್ತದೆ.

1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಘೋಷಿಸಿದ ಗ್ನು ಯೋಜನೆಯಿಂದ ಈ ಚಳವಳಿ ಆರಂಭವಾಯಿತು. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಬಿಡುಗಡೆ ಮಾಡಿದ ಲಿನಕ್ಸ್ ಕರ್ನಲ್ ಅದರೊಂದಿಗೆ ಸೇರಿ ಸಂಪೂರ್ಣ ಕಾರ್ಯಾಚರಣಾ ವ್ಯವಸ್ಥೆ ರೂಪುಗೊಂಡಿತು. ಡೆಬಿಯನ್, ಉಬುಂಟು, ಲಿನಕ್ಸ್ ಮಿಂಟ್ ಮುಂತಾದವು ಇದರ ವಿವಿಧ ವಿತರಣೆಗಳು. ಕಚೇರಿ ಕೆಲಸಕ್ಕೆ ಲಿಬ್ರೆಆಫೀಸ್, ಜಾಲವೀಕ್ಷಣೆಗೆ ಫೈರ್‌ಫಾಕ್ಸ್, ಚಿತ್ರ ಸಂಸ್ಕರಣೆಗೆ ಗಿಂಪ್, ಧ್ವನಿ-ದೃಶ್ಯಗಳಿಗೆ ವಿಎಲ್‌ಸಿ, ಲೆಕ್ಕ ಬರೆಯಲು ಗ್ನುಕ್ಯಾಶ್ ಇವೆಲ್ಲವೂ ಇದೇ ಬಗೆಯ ತಂತ್ರಾಂಶಗಳು. ಪ್ರತಿಯೊಬ್ಬರ ಕೈಯಲ್ಲಿರುವ ಆಂಡ್ರಾಯ್ಡ್ ಮೊಬೈಲ್ ಸಹ ಲಿನಕ್ಸ್ ಕರ್ನಲ್ ಮೇಲೆಯೇ ನಿಂತಿರುವುದರಿಂದ, ಇದು ಪಂಡಿತರಿಗೆ ಮಾತ್ರ ಮೀಸಲಾದ ವಸ್ತುವೆಂಬ ಭಾವನೆಗೆ ಆಧಾರವಿಲ್ಲ.

ದಾಖಲೆಗಳ ಒಡೆತನ

ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯಿದೆ, 2017ರ 36ನೇ ಪ್ರಕರಣದ ಪ್ರಕಾರ ನೋಂದಾಯಿತ ವರ್ತಕರು ತಮ್ಮ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ಕೊನೆಯ ದಿನಾಂಕದಿಂದ 72 ತಿಂಗಳುಗಳವರೆಗೆ ಕಾಪಾಡಬೇಕು. ಅಂದರೆ ಇಂದು ಬರೆದ ಲೆಕ್ಕ ಆರು ವರ್ಷಗಳ ನಂತರವೂ ತೆರೆಯಬೇಕು, ಓದಲು ಬರಬೇಕು. ವಾರ್ಷಿಕ ಚಂದಾ ಕಟ್ಟಿದರೆ ಮಾತ್ರ ಕೆಲಸ ಮಾಡುವ ತಂತ್ರಾಂಶದಲ್ಲಿ, ಅದಕ್ಕೆ ಮಾತ್ರ ಅರ್ಥವಾಗುವ ಸ್ವರೂಪದಲ್ಲಿ ದಾಖಲೆಗಳನ್ನು ಇರಿಸುವುದು ಬೀಗದ ಕೈಯನ್ನು ಬೇರೊಬ್ಬರಿಗೆ ಕೊಟ್ಟು ಗೋದಾಮಿಗೆ ಬಾಡಿಗೆ ಕಟ್ಟಿದಂತೆ. ಲಿಬ್ರೆಆಫೀಸ್ ಬಳಸುವ ಓಪನ್ ಡಾಕ್ಯುಮೆಂಟ್ ಸ್ವರೂಪವು 2006ರಲ್ಲಿಯೇ ಅಂತಾರಾಷ್ಟ್ರೀಯ ಮಾನಕವಾಗಿ ಅಂಗೀಕೃತವಾಗಿದೆ. ಅದರ ವಿವರಣೆ ಬಹಿರಂಗವಾಗಿರುವುದರಿಂದ ಒಂದು ತಂತ್ರಾಂಶ ನಿಂತುಹೋದರೂ ಮತ್ತೊಂದು ಅದನ್ನು ಓದಬಲ್ಲದು.

ಮಾನಕವಿಲ್ಲದ ಸ್ವರೂಪದ ಕಷ್ಟವನ್ನು ಕನ್ನಡಿಗರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಯೂನಿಕೋಡ್ ಬಳಕೆಗೆ ಬರುವ ಮೊದಲು ನಿರ್ದಿಷ್ಟ ಅಕ್ಷರಶೈಲಿಗಳಲ್ಲಿ ಟೈಪಿಸಿದ ಕನ್ನಡ ಕಡತಗಳು, ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತಿದ್ದುದನ್ನು ಹಾಗೂ ಅವನ್ನು ಪರಿವರ್ತಕಗಳ ಮೂಲಕ ಪುನಃ ತಿದ್ದಿಕೊಳ್ಳಬೇಕಾದುದನ್ನು ಹಲವು ಕಚೇರಿಗಳೂ ಮುದ್ರಣಾಲಯಗಳೂ ಅನುಭವಿಸಿವೆ.

ಒಡೆತನಕ್ಕೂ ಅನುಮತಿಗೂ ಇರುವ ಅಂತರವನ್ನು 2025ರ ಜುಲೈ ತಿಂಗಳ ಪ್ರಕರಣವೊಂದು ದೇಶಕ್ಕೆ ತೋರಿಸಿಕೊಟ್ಟಿತು. ಗುಜರಾತಿನ ವಾಡಿನಾರ್‌ನಲ್ಲಿ ತೈಲ ಶುದ್ಧೀಕರಣಾಗಾರ ಹೊಂದಿರುವ ನಯಾರಾ ಎನರ್ಜಿ ಸಂಸ್ಥೆಯ ಮೇಲೆ ಐರೋಪ್ಯ ಒಕ್ಕೂಟವು ನಿರ್ಬಂಧ ವಿಧಿಸಿದ ನಂತರ, ಮೈಕ್ರೋಸಾಫ್ಟ್ ಆ ಸಂಸ್ಥೆಗೆ ನೀಡುತ್ತಿದ್ದ ಸೇವೆಗಳನ್ನು ಸ್ಥಗಿತಗೊಳಿಸಿತು. ಸಂಸ್ಥೆಯು ದೆಹಲಿ ಉಚ್ಚ ನ್ಯಾಯಾಲಯದ ಮೊರೆಹೋಯಿತು. ಕೆಲವೇ ದಿನಗಳಲ್ಲಿ ಸೇವೆ ಪುನಃ ದೊರೆಯಿತು. ಮನೆಯ ಲ್ಯಾಪ್‌ಟಾಪ್‌ಗೆ ಇಂತಹ ಪ್ರಸಂಗ ಒದಗುವ ಸಂಭವ ಕಡಿಮೆ. ಪರರ ಸರ್ವರಿನಲ್ಲಿರುವ ಅಂಚೆ-ಕಡತಗಳನ್ನು ಲಿನಕ್ಸ್ ಒಂದೇ ಕಾಪಾಡಲಾರದು ಎಂಬುದೂ ನಿಜ. ಆದರೆ ಸ್ವಂತ ಯಂತ್ರದಲ್ಲಿ, ಹಿಂಪಡೆಯಲಾಗದ ಪರವಾನಗಿಯಡಿ, ಬಹಿರಂಗ ಸ್ವರೂಪದಲ್ಲಿ ಇಟ್ಟ ದಾಖಲೆಗೆ ಯಾವ ದೂರದೇಶದ ತೀರ್ಮಾನವೂ ಅಡ್ಡಬರಲಾರದು.

ಯಂತ್ರದ ಆಯುಷ್ಯ

ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ಕೊನೆಗೊಳಿಸಿತು. ಗೃಹ ಬಳಕೆದಾರರಿಗೆ ಷರತ್ತುಗಳೊಂದಿಗೆ ಇನ್ನೊಂದು ವರ್ಷದ ಭದ್ರತಾ ಪರಿಷ್ಕರಣೆಯನ್ನು ಘೋಷಿಸಿತು. ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ಭಾಗವನ್ನೂ ಸಾಕಷ್ಟು ಹೊಸ ಪ್ರೊಸೆಸರನ್ನೂ ಬೇಡುವುದರಿಂದ, ಇನ್ನೂ ಚೆನ್ನಾಗಿ ನಡೆಯುತ್ತಿದ್ದ ಅನೇಕ ಯಂತ್ರಗಳು ಅರ್ಹತೆ ಕಳೆದುಕೊಂಡವು. ತಂತ್ರಾಂಶದ ಗಡುವು ಯಂತ್ರದ ಆಯುಷ್ಯವನ್ನು ನಿರ್ಧರಿಸುವುದು ಹೀಗೆ. ಉಬುಂಟುವಿನ ದೀರ್ಘಾವಧಿ ಬೆಂಬಲದ ಆವೃತ್ತಿಗಳಿಗೆ 5 ವರ್ಷಗಳ ಸಾಮಾನ್ಯ ಪರಿಷ್ಕರಣೆ ದೊರೆಯುತ್ತದೆ. ನಂತರದ ಆವೃತ್ತಿಗೆ ಹೋಗಲು ಶುಲ್ಕವಿಲ್ಲ, ಬಹುಮಟ್ಟಿಗೆ ಅದೇ ಯಂತ್ರ ಸಾಕು. ಹೊಸ ಲ್ಯಾಪ್‌ಟಾಪ್ ಕೊಂಡ ಮನೆಯಲ್ಲಿ ಮೂಲೆಗೆ ಸೇರುವ ಹಳೆಯ ಯಂತ್ರಕ್ಕೂ ಹಗುರವಾದ ವಿತರಣೆಯೊಂದನ್ನು ಹಾಕಿದರೆ ಅದು ಇನ್ನೂ ಕೆಲವು ವರ್ಷ ದುಡಿಯುತ್ತದೆ.

ಕನ್ನಡದ ಬಳಕೆ

ಕನ್ನಡದಲ್ಲಿ ಪತ್ರವ್ಯವಹಾರ ನಡೆಸುವವರಿಗೆ ಸ್ವತಂತ್ರ ತಂತ್ರಾಂಶದಿಂದ ತೊಡಕಿಲ್ಲ. ಕೆ. ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ, ನುಡಿ ಬಳಸುವವರಿಗೆ ಚಿರಪರಿಚಿತವಾದ ಕಗಪ ಕೀಲಿಮಣೆ ವಿನ್ಯಾಸವೂ ಇನ್‌ಸ್ಕ್ರಿಪ್ಟ್ ವಿನ್ಯಾಸವೂ ಲಿನಕ್ಸ್ ವ್ಯವಸ್ಥೆಯಲ್ಲಿ ಲಭ್ಯವಿವೆ. ಲೋಹಿತ್, ನವಿಲು, ಗುಬ್ಬಿ ಮುಂತಾದ ಯೂನಿಕೋಡ್ ಅಕ್ಷರಶೈಲಿಗಳು ಪರವಾನಗಿಯ ಚಿಂತೆಯಿಲ್ಲದೆ ದೊರೆಯುತ್ತವೆ. ಲಿಬ್ರೆಆಫೀಸ್‌ನ ಆಯ್ಕೆಪಟ್ಟಿಗಳನ್ನೇ ಕನ್ನಡದಲ್ಲಿ ಕಾಣುವಂತೆ ಮಾಡಿಕೊಳ್ಳಬಹುದು. ಅನುವಾದದಲ್ಲಿ ಕೊರತೆ ಕಂಡರೆ ತಿದ್ದುವ ಹಕ್ಕು ಕನ್ನಡಿಗರಿಗೇ ಇರುವುದು ಇಲ್ಲಿನ ವಿಶೇಷ.

ಆಕ್ಷೇಪಗಳು ಮತ್ತು ಮಿತಿಗಳು

ವರ್ತಕರು ಎತ್ತುವ ಮೊದಲ ಆಕ್ಷೇಪ ಟ್ಯಾಲಿಯದು. ಬೆಂಗಳೂರಿನಲ್ಲಿಯೇ ಬೆಳೆದ, ರಾಜ್ಯದ ಅಂಗಡಿ-ಕಚೇರಿಗಳ ಲೆಕ್ಕದ ಭಾಷೆಯೇ ಆಗಿರುವ ಈ ತಂತ್ರಾಂಶ ವಿಂಡೋಸ್‌ಗಾಗಿ ನಿರ್ಮಿತವಾದದ್ದು. ಅದನ್ನು ಬಿಟ್ಟು ಗ್ನುಕ್ಯಾಶ್‌ಗೆ ಅಥವಾ ಭಾರತದಲ್ಲಿಯೇ ರೂಪುಗೊಂಡ ಸ್ವತಂತ್ರ ತಂತ್ರಾಂಶವಾದ ಇಆರ್‌ಪಿನೆಕ್ಸ್ಟ್‌ಗೆ ಒಂದೇ ದಿನದಲ್ಲಿ ಹಾರುವುದು ವಿವೇಕವಲ್ಲ. ಅಂಗಡಿಯ ಟ್ಯಾಲಿ ಗಣಕ ವಿಧಿವತ್ತಾದ ಪರವಾನಗಿಯೊಂದಿಗೆ ಅಲ್ಲಿಯೇ ಇರಲಿ. ಮನೆಯ ಲ್ಯಾಪ್‌ಟಾಪ್‌ಗೆ ಬೇಕಾದುದು ಜಾಲವೀಕ್ಷಕ, ಪತ್ರ, ಕೋಷ್ಟಕ, ವಿಡಿಯೋ ಪಾಠ ಮತ್ತು ಮುದ್ರಣ. ಇವೆಲ್ಲಕ್ಕೂ ಸ್ವತಂತ್ರ ತಂತ್ರಾಂಶ ಸಾಕಾಗುತ್ತದೆ. ಬದಲಾವಣೆಯನ್ನು ಆರಂಭಿಸಲು ಅಂಗಡಿಗಿಂತ ಮನೆಯೇ ಸೂಕ್ತ ಸ್ಥಳವೆನ್ನಲು ಇದೇ ಕಾರಣ.

ಎರಡನೆಯದು ಮ್ಯಾಕ್ರೋ ತುಂಬಿದ ಎಕ್ಸೆಲ್ ಕಡತಗಳದು. ಸಾಮಾನ್ಯ ಕೋಷ್ಟಕಗಳನ್ನು ಲಿಬ್ರೆಆಫೀಸ್ ತೆರೆಯುತ್ತದೆಯಾದರೂ ಮ್ಯಾಕ್ರೋಗಳು ಎಲ್ಲ ಸಂದರ್ಭಗಳಲ್ಲಿಯೂ ಸರಿಯಾಗಿ ನಡೆಯುವುದಿಲ್ಲ. ಲೆಕ್ಕಪರಿಶೋಧಕರಿಂದ ಅಂತಹ ಕಡತಗಳು ಬರುತ್ತಿದ್ದರೆ ಮೊದಲೇ ಪರೀಕ್ಷಿಸಬೇಕು. ಡಿಜಿಟಲ್ ಸಹಿಯ ಟೋಕನ್, ಹಳೆಯ ಲೇಸರ್ ಪ್ರಿಂಟರ್, ಬೆರಳಚ್ಚು ಓದುಗ ಇವುಗಳ ಚಾಲಕ ತಂತ್ರಾಂಶ ಲಿನಕ್ಸ್‌ಗೆ ದೊರೆಯದಿರುವ ಸಾಧ್ಯತೆಯೂ ಇದೆ.

ಜರ್ಮನಿಯ ಮ್ಯೂನಿಕ್ ನಗರಾಡಳಿತದ ಅನುಭವವನ್ನು ಈ ಸಂದರ್ಭದಲ್ಲಿ ಎರಡೂ ಪಕ್ಷದವರು ಉದಾಹರಿಸುತ್ತಾರೆ. 2013ರ ವೇಳೆಗೆ ಸುಮಾರು 15,000 ಗಣಕಗಳನ್ನು ಲಿನಕ್ಸ್‌ಗೆ ಬದಲಿಸಿದ್ದ ಆ ನಗರ 2017ರಲ್ಲಿ ವಿಂಡೋಸ್‌ಗೆ ಮರಳಲು ನಿರ್ಧರಿಸಿತು. ಆದರೆ ಅದೇ ದೇಶದ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯವು 2024ರಲ್ಲಿ ಸುಮಾರು 30,000 ಗಣಕಗಳಲ್ಲಿ ಲಿಬ್ರೆಆಫೀಸ್ ಅಳವಡಿಸುವ ತೀರ್ಮಾನ ಕೈಗೊಂಡಿತು. ದೊಡ್ಡ ಆಡಳಿತಗಳಿಗೆ ಬದಲಾವಣೆ ಸುಲಭವಲ್ಲ. ಸಾವಿರಾರು ನೌಕರರ ರೂಢಿ, ನೂರಾರು ವಿಶೇಷ ತಂತ್ರಾಂಶಗಳು ಅಡ್ಡಬರುತ್ತವೆ. ನಾಲ್ಕು ಜನರ ಮನೆಗೆ ಆ ಭಾರವಿಲ್ಲ. ನೆರೆಯ ಕೇರಳದ ಶಾಲೆಗಳಲ್ಲಿ 2000ದ ದಶಕದಿಂದಲೂ ಮಕ್ಕಳು ಸ್ವತಂತ್ರ ತಂತ್ರಾಂಶದಲ್ಲಿಯೇ ಗಣಕ ಕಲಿಯುತ್ತಿದ್ದಾರೆ. ಅಲ್ಲಿನ ಮಕ್ಕಳಿಗೆ ಸಾಧ್ಯವಾದುದು ಇಲ್ಲಿನ ವರ್ತಕರ ಮನೆಗಳಲ್ಲಿ ಅಸಾಧ್ಯವಾಗಲು ಕಾರಣವಿಲ್ಲ.

ಕೊಳ್ಳುವ ಕ್ರಮ

ಮೊದಲು, ಮನೆಯಲ್ಲಿ ಯಾರು ಯಾವ ಕೆಲಸಕ್ಕೆ ಯಂತ್ರವನ್ನು ಬಳಸುತ್ತಾರೆಂಬುದನ್ನು ಬರೆದಿಟ್ಟುಕೊಳ್ಳಬೇಕು. ಮಕ್ಕಳ ಕಾಲೇಜು ನಿರ್ದಿಷ್ಟ ತಂತ್ರಾಂಶವನ್ನು ಕಡ್ಡಾಯಗೊಳಿಸಿದ್ದರೆ ಅದು ಲಿನಕ್ಸ್‌ನಲ್ಲಿ ನಡೆಯುವುದೇ ಎಂದು ವಿಚಾರಿಸಬೇಕು. ಎರಡನೆಯದಾಗಿ, ವಿತರಣೆಯೊಂದನ್ನು ಪೆನ್‌ಡ್ರೈವ್‌ನಲ್ಲಿ ಸಿದ್ಧಪಡಿಸಿ, ಮಾರಾಟಗಾರರ ಅನುಮತಿ ಪಡೆದು ಪ್ರದರ್ಶನಕ್ಕಿಟ್ಟ ಯಂತ್ರದಲ್ಲಿ ನಡೆಸಿ ನೋಡಬಹುದು. ಯಂತ್ರದೊಳಗೆ ಏನನ್ನೂ ಅಳವಡಿಸದೆ ವೈ-ಫೈ, ಧ್ವನಿ, ಕ್ಯಾಮೆರಾಗಳನ್ನು ಪರೀಕ್ಷಿಸಲು ಇದು ಸಾಕು. ಮೂರನೆಯದಾಗಿ, ಯಂತ್ರದೊಂದಿಗೆ ಯಾವ ಕಾರ್ಯಾಚರಣಾ ವ್ಯವಸ್ಥೆ ನೀಡಲಾಗಿದೆ ಎಂಬುದನ್ನು ಬಿಲ್ಲಿನಲ್ಲಿಯೇ ನಮೂದಿಸುವಂತೆ ಕೇಳಬೇಕು. ನಾಲ್ಕನೆಯದಾಗಿ, ಉಳಿದ ಹಣದಲ್ಲಿ ಒಂದು ಭಾಗವನ್ನು ಹೊರಗಿನ ಹಾರ್ಡ್‌ಡಿಸ್ಕ್‌ಗೆ ವಿನಿಯೋಗಿಸಿ ವಾರಕ್ಕೊಮ್ಮೆ ಪ್ರತಿ ತೆಗೆದಿಡಬೇಕು. ಲಿನಕ್ಸ್ ಇದ್ದ ಮಾತ್ರಕ್ಕೆ ಡಿಸ್ಕ್ ಕೆಡದೇ ಇರುವುದಿಲ್ಲ.

ವಾಣಿಜ್ಯ ಸಂಸ್ಥೆಗಳ ಹೊಣೆ

ಭಾರತ ಸರ್ಕಾರ 2015ರಲ್ಲಿಯೇ ತನ್ನ ಇ-ಆಡಳಿತ ವ್ಯವಸ್ಥೆಗಳಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ನೀಡುವ ನೀತಿಯನ್ನು ಪ್ರಕಟಿಸಿದೆ. ನೀತಿಗಿಂತ ಹೆಚ್ಚಾಗಿ ಸಣ್ಣ ಊರುಗಳಲ್ಲಿ ಕೊರತೆಯಿರುವುದು ತೊಡಕು ಬಂದಾಗ ಬಂದು ನೋಡುವ ತಂತ್ರಜ್ಞರದು. ಈ ಕೊರತೆಯನ್ನು ನೀಗಿಸುವುದು ಮಾರುಕಟ್ಟೆಗೆ ಸೇರಿದ ಕೆಲಸ. ಸ್ವತಂತ್ರ ತಂತ್ರಾಂಶದ ಅಳವಡಿಕೆ, ತರಬೇತಿ, ನಿರ್ವಹಣೆಗಳಿಗೆ ನ್ಯಾಯವಾದ ಶುಲ್ಕ ಪಡೆಯಲು ಅದರ ಪರವಾನಗಿ ಅಡ್ಡಿಯಾಗುವುದಿಲ್ಲ. ಗಣಕ ಮಾರಾಟಗಾರರು ಅನಧಿಕೃತ ಪ್ರತಿಗಳನ್ನು ಬಿಟ್ಟಿಯಾಗಿ ತುಂಬುವ ಬದಲು ಈ ಸೇವೆಯನ್ನು ಬಿಲ್ಲಿನ ಸಹಿತ ಮಾರಿದರೆ ಊರಿನ ಯುವಕರಿಗೆ ಉದ್ಯೋಗವೂ ದೊರೆಯುತ್ತದೆ, ಗ್ರಾಹಕರಿಗೆ ಕಾನೂನಿನ ಭಯವೂ ತಪ್ಪುತ್ತದೆ. ಜಿಲ್ಲಾ ಮತ್ತು ತಾಲ್ಲೂಕು ಮಟ್ಟದ ವಾಣಿಜ್ಯ ಸಂಸ್ಥೆಗಳು ಸದಸ್ಯರಿಗಾಗಿ ಅರ್ಧ ದಿನದ ಪ್ರಾತ್ಯಕ್ಷಿಕೆಗಳನ್ನು ಏರ್ಪಡಿಸಲು ಮುಂದಾಗಬೇಕು.

ಲೆಕ್ಕದ ಪುಸ್ತಕ ವರ್ತಕರ ಮರ್ಯಾದೆ. ಅದನ್ನು ಬರೆಯುವ ಲೇಖನಿಯೂ ಸ್ವಂತದ್ದಾಗಿರಬೇಕೆಂದು ಬಯಸುವುದು ದುಬಾರಿಯ ಆಸೆಯಾಗಿ ಉಳಿದಿಲ್ಲ. ಮುಂದಿನ ಲ್ಯಾಪ್‌ಟಾಪ್ ಕೊಳ್ಳುವ ಮುನ್ನ ಒಂದು ಪೆನ್‌ಡ್ರೈವ್‌ನಿಂದ ಪರೀಕ್ಷೆ ನಡೆಸಿ, ಅದರ ಫಲಿತಾಂಶವನ್ನು ನೋಡಿಕೊಂಡೇ ಸದಸ್ಯರು ತೀರ್ಮಾನ ಕೈಗೊಳ್ಳುವುದು ಲೇಸು.