ಷೆಂಗೆನ್ ಮಾತು ಕರಜಗಿಗೆ ಸಾಲದು

ಯುರೋಪು ಗಡಿ ಅಳಿಸಿತು, ನಮ್ಮ ಗಡಿನಾಡಿನವರೂ ಗಡಿ ಮರೆಯಲಿ ಎಂಬ ವಾದ ಈಚೆಗೆ ಅಚ್ಚಾಗಿದೆ. ಬರೆದವರು ಕರಜಗಿಯತ್ತ ತಲೆ ಹಾಕಿದಂತಿಲ್ಲ.

ಮಹಾರಾಷ್ಟ್ರದ ಜತ್ತ ತಾಲೂಕಿನ ಈ ಊರಿನವರಿಗೆ ಕರ್ನಾಟಕದ ವಿಜಯಪುರದ ಸಂತೆಗೋ ಆಸ್ಪತ್ರೆಗೋ ಹೋಗಲು ಯಾರ ಅಪ್ಪಣೆಯೂ ಬೇಕಿಲ್ಲ. ಗಡಿ ಅಡ್ಡ ಬರುವುದು ನೀರಿಗೆ.

ಯುರೋಪಿನ ಕಥೆಯನ್ನೂ ಅವರು ತಲೆಕೆಳಗಾಗಿ ಓದಿದ್ದಾರೆ. 1951ರಲ್ಲಿ ಆರು ದೇಶಗಳು ಮೊದಲು ಕಲ್ಲಿದ್ದಲು, ಉಕ್ಕನ್ನು ಒಂದೇ ಪ್ರಾಧಿಕಾರದ ಕೈಗೆ ಕೊಡಲು ಒಪ್ಪಿದವು. ಗಡಿ ತಪಾಸಣೆ ತೆಗೆಯುವ ಷೆಂಗೆನ್ ಒಪ್ಪಂದ ಬಂದದ್ದು ಆಮೇಲೆ, 1985ರಲ್ಲಿ. ಇಲ್ಲಿ? 2022ರ ಕೊನೆಗೆ ಗಡಿ ಗದ್ದಲ ಎದ್ದಾಗ ಕರ್ನಾಟಕದ ತುಬಚಿ-ಬಬಲೇಶ್ವರ ಏತ ನೀರಾವರಿಯ ನೀರು ಜತ್ತದತ್ತ ಹರಿಯಿತು. ಮಹಾರಾಷ್ಟ್ರಕ್ಕೆ ತನ್ನ ಮ್ಹೈಸಾಳ ನೀರಾವರಿ ಯೋಜನೆಯ ವಿಸ್ತರಣೆ ನೆನಪಾಯಿತು. ಹಠಕ್ಕೆ ಹರಿದ ನೀರೂ ನೀರೇ, ಬಿಡಿ.

ಗಡಿ ವಿವಾದದ ಬಗ್ಗೆ 2004ರಲ್ಲಿ ಮಹಾರಾಷ್ಟ್ರ ಹೂಡಿದ ದಾವೆ ಸುಪ್ರೀಂ ಕೋರ್ಟಿನಲ್ಲಿದೆ. ಅದರ ತೀರ್ಪಿಗೆ ಕಾಯದೆ ಎರಡೂ ಸರ್ಕಾರಗಳು ಜತ್ತದ ನೀರಿಗೆ ಕಾಯಂ ಒಪ್ಪಂದ ಬರೆದುಕೊಳ್ಳಲಿ.