ಓತಿಯ ಊಟ

ಮನೆಗೆ ಬಂದ ಅತಿಥಿಗೆ ಏನನ್ನು ಬಡಿಸಬೇಕೆಂಬುದು ಗೃಹಿಣಿಯರ ಚಿಂತೆ. ಅತಿಥಿಯು ಓತಿಯಾದರೆ ಆ ಚಿಂತೆಯು ಗೃಹಸ್ಥನ ಪಾಲಿಗೆ ಬರುತ್ತದೆಂಬುದನ್ನು ಕಳೆದ ಬೇಸಗೆಯ ರಜೆಯಲ್ಲಿ ನಾನು ಅರಿತೆನು.

ಬೆಂಗಳೂರಿನಿಂದ ಕಡಬದ ನಮ್ಮ ತೋಟದ ಮನೆಗೆ ಬಂದ ಸೋದರಳಿಯನಿಗೆ ಹನ್ನೆರಡು ವರ್ಷ. ಅವನ ಮನೆಯಲ್ಲೊಂದು ಗಾಜಿನ ಪೆಟ್ಟಿಗೆ. ಅದರೊಳಗೆ ಆಸ್ಟ್ರೇಲಿಯ ಮೂಲದ, ಬಿಯರ್ಡೆಡ್ ಡ್ರ್ಯಾಗನ್ ಎಂಬ ಓತಿ. ಕಾಲೇಜಿನಲ್ಲಿ ಪಾಠ ಹೇಳುವ ನನಗೇ ಅವನು ಅದರ ಆಹಾರವಿಚಾರವಾಗಿ ಪಾಠ ಹೇಳಿದನು. ರಾತ್ರಿ ಚಿರಿಗುಡುವ ಚಿಮ್ಮಂಡೆಯಲ್ಲಿ ಸಸಾರಜನಕವು ಧಾರಾಳ. ಆದರೆ ಕ್ಯಾಲ್ಸಿಯಂ ಅತ್ಯಲ್ಪ, ರಂಜಕವು ಅದರ ಹಲವು ಪಟ್ಟು. ಓತಿಗೆ ಬೇಕಾದುದು ಇದಕ್ಕೆ ತಿರುಗುಮುರುಗು: ರಂಜಕವು 1 ಪಾಲಾದರೆ ಕ್ಯಾಲ್ಸಿಯಂ ಸುಮಾರು 2 ಪಾಲು. ಅದು ದೊರೆಯದಿದ್ದರೆ ಎಲುಬುಗಳು ಮೆತ್ತಗಾಗಿ ಕಾಲುಗಳು ಸೊಟ್ಟಗಾಗುವುವು. ಆದುದರಿಂದ ಹುಳುವನ್ನು ಕ್ಯಾಲ್ಸಿಯಂ ಪುಡಿಯಲ್ಲಿ ಹೊರಳಿಸಿ ಕೊಡಬೇಕು. ಅದಕ್ಕೆ ಮೊದಲು ಒಂದೆರಡು ದಿನ ಹುಳುವಿಗೇ ಸೊಪ್ಪು, ಕ್ಯಾರೆಟ್ಟುಗಳ ಔತಣ ನಡೆಯಬೇಕು. ಹಿಟ್ಟಿನ ಹುಳುವಿನಲ್ಲಿ ಕೊಬ್ಬು ಹೆಚ್ಚು. ಅದು ಹಬ್ಬದ ಹೋಳಿಗೆಯಂತೆ ಅಪರೂಪಕ್ಕೆ ಸಾಕು. ರೇಷ್ಮೆಹುಳು ಮೃದುವಾದುದು, ಉತ್ತಮವಾದುದು.

“ಹುಳ ತಿಂದದ್ದೇ ಕೊನೆಗೆ ಓತಿಯ ಹೊಟ್ಟೆಗೆ ಹೋಗುವುದು, ಮಾವ. ಮದ್ದು ಹೊಡೆದ ತೋಟದ ಹುಳ ಮಾತ್ರ ಕೊಡಲೇಬಾರದು” ಎಂದನು.

ಮರುದಿನ ಅವನ ಕೈಗೆ ಹಾರುವ ಓತಿಯೊಂದು ಸಿಕ್ಕಿತು. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಕಾದಂಬರಿಯಲ್ಲಿ ಕಾಡೆಲ್ಲ ಅಲೆದು ಅರಸುವ ಪ್ರಾಣಿಯಿದು. ಪಕ್ಕೆಲುಬುಗಳ ಆಧಾರದಿಂದ ಚರ್ಮದ ರೆಕ್ಕೆಯನ್ನು ಬಿಡಿಸಿ ಮರದಿಂದ ಮರಕ್ಕೆ ತೇಲುವ ಇದು ಪುತ್ತೂರು, ಸುಳ್ಯ, ಕಡಬಗಳ ಅಡಿಕೆ ತೋಟಗಳಲ್ಲಿ ಕಾಣಸಿಗುತ್ತದೆ. ಗಂಡಿನ ಕೊರಳಿನಲ್ಲಿ ಹಳದಿಯ ಪುಟ್ಟ ಪತಾಕೆ. ಆಸ್ಟ್ರೇಲಿಯದ ಓತಿಯೂ ಇದೂ ಒಂದೇ ಕುಟುಂಬದವು. ಊಟವೂ ಒಂದೇ ಇರಬೇಕೆಂಬುದು ಬಾಲಕನ ತರ್ಕ. “ಎರಡೇ ದಿನ, ಮಾವ” ಎಂದನು. ನಾನು ಒಪ್ಪಿದೆನು, ಒಪ್ಪಬಾರದಿತ್ತು.

ರಟ್ಟಿನ ಪೆಟ್ಟಿಗೆಯಲ್ಲಿ ಚಿಮ್ಮಂಡೆ ಬಂದಿತು, ಮಿಡತೆ ಬಂದಿತು. ಓತಿಯು ಒಂದನ್ನೂ ಮುಟ್ಟಲಿಲ್ಲ. ಎರಡನೆಯ ಸಂಜೆಗೆ ಅದರ ಮೈಬಣ್ಣ ಮಂಕಾಗಿ, ಕಣ್ಣು ಅರೆಮುಚ್ಚಿತು. ಹುಡುಗನ ಗಂಟಲು ಕಟ್ಟಿತ್ತು. “ಬಿಟ್ಟುಬಿಡೋಣವೆ?” ಎಂದು ಅವನೇ ಕೇಳಿದನು.

ಹಿಡಿದ ಮರಕ್ಕೇ ಅದನ್ನು ತಂದು ಬಿಟ್ಟೆವು. ಬಹಳ ಹೊತ್ತು ಅಲುಗಲಿಲ್ಲ. ಬಳಿಕ ನಾಲ್ಕು ಮಾರು ಮೇಲೇರಿ, ಇರುವೆಗಳ ಸಾಲಿನ ಪಕ್ಕದಲ್ಲಿ ಕುಳಿತು, ನಾಲಗೆ ಚಾಚಿ ಒಂದೊಂದನ್ನೇ ನೆಕ್ಕತೊಡಗಿತು. ಅದರ ಮುಖ್ಯ ಆಹಾರವೇ ಇರುವೆ! ಸಾಕಿದ ಓತಿಗೆ ಹುಳುವನ್ನು ಆರಿಸಿ ಕೊಡುವುದು ಸಾಕಿದವನ ಋಣ. ತೋಟದ ಓತಿಯು ಆ ಆಯ್ಕೆಯನ್ನು ನಮಗೆ ಒಪ್ಪಿಸಿಲ್ಲ.

ಅಡಿಕೆ ಕೊಯ್ಯುವವರನ್ನು ಕಚ್ಚುತ್ತವೆಂದು ಮರದ ಇರುವೆಗಳಿಗೆ ಹಾಕಲು ನಾನು ಪುತ್ತೂರಿನಿಂದ ವಿಷದ ಪುಡಿಯನ್ನು ತಂದಿರಿಸಿದ್ದೆನು. ಅಳಿಯನ ಮಾತು ನೆನಪಾಯಿತು. ಅದರ ಕಟ್ಟನ್ನು ನಾನು ಇನ್ನೂ ಬಿಚ್ಚಿಲ್ಲ.